ಬೆಳಗಿನ ವಾಕಿಂಗ್ ಶುರುವಾಗುವುದು ಹಿಂದಿನ ರಾತ್ರಿ

(ಬೆಂಗಳೂರಿನ ಜಯನಗರದಲ್ಲಿ ಬಡಾವಣೆಯ ನಿವಾಸಿಗಳ ಮುಂದೆ ಕುಟುಂಬ ವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಮೊದಲು ನಿಮಗೊಂದು ಪ್ರಶ್ನೆ. ನಿನ್ನೆ ರಾತ್ರಿ ಊಟ ಎಷ್ಟು ಗಂಟೆಗೆ ಮಾಡಿದಿರಿ? ಒಂಬತ್ತೂವರೆ ದಾಟಿದ ಮೇಲೆ ಊಟಕ್ಕೆ ಕೂತವರು ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಜಾಸ್ತಿ ಕೈಗಳು ಮೇಲಿವೆ. ಈಗ ಇನ್ನೊಂದು ಪ್ರಶ್ನೆ. ಬೆಳಗ್ಗೆ ಎದ್ದು ವಾಕಿಂಗ್ ಹೋಗಬೇಕು ಅಂತ ಈ ವರ್ಷ ಒಂದು ಸಲವಾದರೂ ತೀರ್ಮಾನ ಮಾಡಿ ಆಮೇಲೆ ಬಿಟ್ಟವರು ಯಾರು ಯಾರು? ಹೆಚ್ಚುಕಡಿಮೆ ಅವೇ ಕೈಗಳು, ಅಲ್ವಾ? ಈ ಎರಡಕ್ಕೂ ಇರುವ ನಂಟಿನ ಬಗ್ಗೆಯೇ ಇವತ್ತು ನನ್ನ ಮಾತು.

ಆರೋಗ್ಯದ ಅಭ್ಯಾಸ ಅಂದ ತಕ್ಷಣ ನಮಗೆ ನೆನಪಾಗುವುದು ಬೆಳಗಿನ ಹೊತ್ತು. ಐದೂವರೆಗೆ ಅಲಾರಾಂ, ಹೊಸ ಶೂ, ಲಾಲ್‌ಬಾಗ್‌ನಲ್ಲಿ ಒಂದು ಸುತ್ತು, ಬಿಸಿನೀರಿಗೆ ನಿಂಬೆರಸ. ಇವೆಲ್ಲ ಒಳ್ಳೆಯವೇ. ಆದರೆ ಹನ್ನೆರಡೂವರೆಗೆ ಮಲಗಿ ಐದೂವರೆಗೆ ಎದ್ದರೆ ಸಿಕ್ಕಿದ್ದು ಐದು ಗಂಟೆ ನಿದ್ದೆ. ದೊಡ್ಡವರಿಗೆ ಏಳು ಗಂಟೆಯಾದರೂ ಬೇಕು. ಹಾಗೆ ನಾಲ್ಕು ದಿನ ಎದ್ದವರು ಐದನೇ ದಿನ ಅಲಾರಾಂ ಆರಿಸಿ ಮಗ್ಗುಲು ಬದಲಿಸುತ್ತಾರೆ. ಆಮೇಲೆ ಕ್ಲಿನಿಕ್ಕಿಗೆ ಬಂದು, ‘ನನಗೆ ಮನಸ್ಸು ಗಟ್ಟಿ ಇಲ್ಲ ಡಾಕ್ಟ್ರೇ’ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಮನಸ್ಸಿಗೇನೂ ಆಗಿಲ್ಲ. ದೇಹ ನಿದ್ದೆ ಕೇಳುತ್ತಿದೆ, ಅಷ್ಟೇ.

ಈ ಊರಿನ ದಿನ ಹೇಗಿದೆ ನೋಡಿ. ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡ್‌ನಲ್ಲೋ ಆಫೀಸು. ಆರೂವರೆಗೆ ಹೊರಟವರು ಏಳೂಕಾಲಿಗೆ ಇನ್ನೂ ಸಿಲ್ಕ್ ಬೋರ್ಡ್ ಹತ್ತಿರ ಬ್ರೇಕ್ ಲೈಟ್ ನೋಡುತ್ತಾ ಕೂತಿರುತ್ತಾರೆ. ಮನೆಗೆ ಬಂದು, ಕೈಕಾಲು ತೊಳೆದು, ಮಗುವಿನ ಹೋಂವರ್ಕ್ ನೋಡಿ ಊಟಕ್ಕೆ ಕೂರುವಾಗ ಒಂಬತ್ತೂಮುಕ್ಕಾಲು. ಊಟವಾದ ಮೇಲೆ, ‘ಇಡೀ ದಿನದಲ್ಲಿ ನನಗೆ ಅಂತ ಇರೋದು ಇದೊಂದೇ ಹೊತ್ತು’ ಅಂತ ಫೋನ್ ಹಿಡಿಯುತ್ತಾರೆ. ಆ ಮಾತಿನಲ್ಲಿ ನಿಜ ಇದೆ. ಅದಕ್ಕೇ ನಾನು ಯಾರಿಗೂ ಫೋನ್ ಬಿಸಾಕಿ ಅಂತ ಹೇಳುವುದಿಲ್ಲ. ಊಟದ ಹೊತ್ತನ್ನು ಸ್ವಲ್ಪ ಹಿಂದಕ್ಕೆ ತನ್ನಿ ಅಂತ ಹೇಳುತ್ತೇನೆ. ಅದೊಂದು ಸರಿಹೋದರೆ ಉಳಿದದ್ದಕ್ಕೆಲ್ಲ ಜಾಗ ಸಿಗುತ್ತದೆ.

ಯಾಕೆ ಊಟದ ಹೊತ್ತಿಗೆ ಇಷ್ಟು ಮಹತ್ವ? ಮುಟ್ಟಿದರೆ ಮುನಿ ಗಿಡ ನೀವೆಲ್ಲ ನೋಡಿದ್ದೀರಿ. ಹಗಲು ಎಲೆ ಬಿಚ್ಚುತ್ತದೆ, ರಾತ್ರಿ ಮಡಚುತ್ತದೆ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಎಂಬ ವಿಜ್ಞಾನಿ ಅಂಥದ್ದೇ ಒಂದು ಗಿಡವನ್ನು ಕತ್ತಲಲ್ಲಿಟ್ಟು ನೋಡಿದರು. ಬಿಸಿಲೇ ಕಾಣದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿತು, ಮುಚ್ಚಿತು. ಅಂದರೆ ಹೊತ್ತಿನ ಲೆಕ್ಕ ಗಿಡದ ಒಳಗೇ ಇತ್ತು. ನಮ್ಮೊಳಗೂ ಅಂಥ ಲೆಕ್ಕ ಇದೆ. ಅದು ಜೀವಕೋಶದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕಲ್ ರಾಸ್‌ಬ್ಯಾಶ್, ಮೈಕಲ್ ಯಂಗ್ ಈ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಮೆದುಳಿನಲ್ಲಿ ಒಂದು ಮುಖ್ಯ ಗಡಿಯಾರ ಇದೆ. ಅದಕ್ಕೆ ಹೊತ್ತು ತಿಳಿಸುವುದು ಕಣ್ಣಿಗೆ ಬೀಳುವ ಬೆಳಕು. ಲಿವರ್, ಕರುಳು, ಮೇದೋಜೀರಕ ಗ್ರಂಥಿಗೂ ತಮ್ಮ ತಮ್ಮ ಗಡಿಯಾರ ಇವೆ. ಅವಕ್ಕೆ ಹೊತ್ತು ತಿಳಿಸುವುದರಲ್ಲಿ ನಾವು ತಿನ್ನುವ ವೇಳೆಗೆ ದೊಡ್ಡ ಪಾಲಿದೆ.

ರಾತ್ರಿ ಆಗುತ್ತಿದ್ದಂತೆ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ. ಅದು ನಿದ್ದೆಗೆ ದಾರಿ ಮಾಡಿಕೊಡುತ್ತದೆ. ಜೊತೆಗೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಬರುವುದನ್ನು ಸ್ವಲ್ಪ ತಗ್ಗಿಸುತ್ತದೆ. ಹಾಗಾಗಿ ಮಧ್ಯಾಹ್ನ ಒಂದು ಗಂಟೆಗೆ ತಿಂದ ಅದೇ ಅನ್ನ ಸಾರು ರಾತ್ರಿ ಹತ್ತೂವರೆಗೆ ತಿಂದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಏರುತ್ತದೆ, ಇಳಿಯುವುದೂ ತಡ. ಮೇಲಿಂದ ಹೊಟ್ಟೆ ತುಂಬಿಕೊಂಡು ಮಲಗಿದರೆ ಎದೆಯುರಿ, ಹುಳಿತೇಗು, ಅರ್ಧಂಬರ್ಧ ನಿದ್ದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಈ ಹಾಲ್‌ನಲ್ಲೇ ಎಷ್ಟು ಮನೆಗಳಲ್ಲಿ ಶುಗರ್ ಮಾತ್ರೆಯ ಡಬ್ಬಿ ಇದೆ ಅಂತ ನಾನು ಕೇಳಬೇಕಾಗಿಲ್ಲ.

ಇಲ್ಲಿ ಒಂದು ವಿಷಯ ನಿಧಾನವಾಗಿ ಹೇಳಬೇಕು. ತಡವಾಗಿ ಊಟ ಮಾಡುವವರು ಆಫೀಸಿನಿಂದ ಬರುವವರು ಮಾತ್ರ ಅಲ್ಲ. ನನ್ನಲ್ಲಿಗೆ ಬರುವ ಒಬ್ಬ ತಾಯಿ ಇದ್ದಾರೆ, ಐವತ್ತರ ಆಸುಪಾಸು. ಮಾತ್ರೆ ಸರಿಯಾಗಿ ನುಂಗುತ್ತಾರೆ, ಸಿಹಿ ಮುಟ್ಟುವುದಿಲ್ಲ. ಆದರೂ ಖಾಲಿ ಹೊಟ್ಟೆಯ ಶುಗರ್ ಇಳಿಯುತ್ತಿರಲಿಲ್ಲ. ಕೂರಿಸಿಕೊಂಡು ದಿನಚರಿ ಕೇಳಿದೆ. ಸಂಜೆ ಏಳೂವರೆಗೆ ಮಾವನವರಿಗೆ ಊಟ. ಎಂಟೂವರೆಗೆ ಟ್ಯೂಷನ್ ಮುಗಿಸಿ ಬಂದ ಮಗಳಿಗೆ. ಹತ್ತಕ್ಕೆ ಗಂಡನಿಗೆ. ಅವರು ತಟ್ಟೆ ಹಾಕಿಕೊಳ್ಳುವುದು ಹತ್ತೂಮುಕ್ಕಾಲಿಗೆ. ಉಳಿದ ಅನ್ನ ಹಾಳಾಗಬಾರದು ಅಂತ ಒಂದು ಸೌಟು ಜಾಸ್ತಿ. ಪಾತ್ರೆ ತೊಳೆದು, ನಾಳೆಯ ದೋಸೆ ಹಿಟ್ಟು ತೆಗೆದಿಟ್ಟು ಮಲಗುವಾಗ ಹನ್ನೊಂದೂವರೆ ದಾಟಿರುತ್ತದೆ.

ನಾನು ಅವರಿಗೆ ಹೊಸ ಮಾತ್ರೆ ಬರೆಯಲಿಲ್ಲ. ಯಜಮಾನರನ್ನು ಒಳಗೆ ಕರೆದು ಮಾತಾಡಿದೆ. ಈ ತಾಯಿ ಇನ್ನು ಮುಂದೆ ಮಾವನವರ ಜೊತೆಗೇ ಏಳೂವರೆಗೆ ಊಟಕ್ಕೆ ಕೂರಲಿ. ತಡವಾಗಿ ಬಂದವರು ತಾವೇ ಬಡಿಸಿಕೊಳ್ಳಲಿ, ತಟ್ಟೆ ತೊಳೆದಿಡಲಿ. ಮೊದಲ ವಾರ ಮನೆಯಲ್ಲಿ ಸ್ವಲ್ಪ ಮುಜುಗರ ಆಯಿತಂತೆ. ಗಂಡ ಊಟ ಮಾಡದೆ ತಾನು ಹೇಗೆ ತಿನ್ನುವುದು ಅಂತ ಅವರಿಗೇ ಒಳಗೊಳಗೆ ಕಸಿವಿಸಿ. ಆಮೇಲೆ ಎಲ್ಲರಿಗೂ ಅಭ್ಯಾಸವಾಯಿತು. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಅದಕ್ಕಿಂತ ನನಗೆ ಖುಷಿ ಕೊಟ್ಟದ್ದು ಅವರ ಇನ್ನೊಂದು ಮಾತು: ‘ರಾತ್ರಿ ಬಿಸಿ ಊಟ ಮಾಡಿ ಎಷ್ಟೋ ವರ್ಷ ಆಗಿತ್ತು ಡಾಕ್ಟ್ರೇ.’ ದಯವಿಟ್ಟು ಇವತ್ತು ಮನೆಗೆ ಹೋಗಿ, ನಿಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು ಅಂತ ನೋಡಿ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಊಟದ ಹೊತ್ತು ಬದಲಿಸುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ಮಾತ್ರೆಯ ಹೊತ್ತನ್ನೂ ಬದಲಿಸಬೇಕಾಗಬಹುದು. ಇಲ್ಲದಿದ್ದರೆ ಸಕ್ಕರೆ ತೀರಾ ಕೆಳಗಿಳಿದು ಅಪಾಯ ಆಗುತ್ತದೆ.

ಮನೆ ತಲುಪುವುದೇ ಒಂಬತ್ತಕ್ಕೆ ಅನ್ನುವವರು ಏನು ಮಾಡಬೇಕು? ಐದೂವರೆಗೆ ಆಫೀಸಿನ ಕೆಳಗೆ ಪಫ್ಸು, ಬಜ್ಜಿ ತಿನ್ನುತ್ತೀರಲ್ಲ, ಅದನ್ನು ಬಿಡಿ. ಬೆಳಗ್ಗೆ ಇನ್ನೊಂದು ಡಬ್ಬಿ ಕಟ್ಟಿಕೊಳ್ಳಿ. ಎರಡು ಚಪಾತಿ, ಕಾಳಿನ ಪಲ್ಯ. ಹೊರಡುವ ಮುಂಚೆ ಅದನ್ನು ತಿನ್ನಿ. ಮನೆಗೆ ಬಂದ ಮೇಲೆ ಒಂದು ಲೋಟ ಮಜ್ಜಿಗೆ, ಒಂದಿಷ್ಟು ಕೋಸಂಬರಿ ಸಾಕು. ಮನೆಯವರ ಜೊತೆ ಕೂತು ಮಾತಾಡುವುದಕ್ಕೆ ತುಂಬಿದ ತಟ್ಟೆಯೇ ಬೇಕು ಅಂತೇನಿಲ್ಲ. ಊಟಕ್ಕೂ ಮಲಗುವುದಕ್ಕೂ ನಡುವೆ ಎರಡರಿಂದ ಮೂರು ಗಂಟೆ ಇರಲಿ.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಇದಕ್ಕೆ ಶೂ ಬೇಡ, ಪಾರ್ಕ್ ಬೇಡ. ತಿಂದ ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದಲ್ಲಿ ಸಕ್ಕರೆ ಏರಿರುತ್ತದೆ. ಆಗ ಕಾಲಿನ ಸ್ನಾಯುಗಳು ಕೆಲಸ ಮಾಡಿದರೆ ಅವು ಆ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ. ನಡೆಯುವಾಗ ಇನ್ಸುಲಿನ್ ಕಡಿಮೆ ಇದ್ದರೂ ಸ್ನಾಯುವಿಗೆ ಸಕ್ಕರೆ ಸೇರುತ್ತದೆ. ನಮ್ಮ ಫುಟ್‌ಪಾತ್‌ಗಳ ಸ್ಥಿತಿ ನನಗೂ ಗೊತ್ತು. ಕಿತ್ತ ಚಪ್ಪಡಿ, ಕತ್ತಲು, ಬೀದಿನಾಯಿ. ವಯಸ್ಸಾದವರನ್ನು ರಾತ್ರಿ ರಸ್ತೆಗೆ ಕಳಿಸಬೇಡಿ. ಟೆರೇಸ್ ಇದೆ, ಅಪಾರ್ಟ್‌ಮೆಂಟ್ ಕಾರಿಡಾರ್ ಇದೆ. ಹಾಲ್‌ನಿಂದ ಅಡುಗೆಮನೆಗೆ ಓಡಾಡಿದರೂ ಆಯಿತು.

ಈಗ ನಿದ್ದೆ. ಕಾಫಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಈ ಊರಿನಲ್ಲಿ ಅದನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಕುಡಿದ ಕಾಫಿಯ ಕೆಫೀನ್‌ನಲ್ಲಿ ಅರ್ಧ ಕರಗುವುದಕ್ಕೇ ಸುಮಾರು ಐದಾರು ಗಂಟೆ ಬೇಕು. ಸಂಜೆ ಆರಕ್ಕೆ ದರ್ಶಿನಿಯಲ್ಲಿ ಕುಡಿದ ಸ್ಟ್ರಾಂಗ್ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧದಷ್ಟು ನಿಮ್ಮೊಳಗೇ ಇರುತ್ತದೆ. ‘ಕಾಫಿ ಕುಡಿದರೂ ನನಗೆ ನಿದ್ದೆ ಬರುತ್ತೆ’ ಅನ್ನುವವರಿಗೂ ಆಳವಾದ ನಿದ್ದೆ ಕಡಿಮೆಯಾಗುತ್ತದೆ. ಬೆಳಗಿನ ಫಿಲ್ಟರ್ ಕಾಫಿಗೆ ನನ್ನ ತಕರಾರಿಲ್ಲ. ದಿನದ ಕೊನೆಯ ಲೋಟ ಮಧ್ಯಾಹ್ನ ಮೂರಕ್ಕೆ ಮುಗಿಯಲಿ. ಸಂಜೆ ಸ್ನೇಹಿತರ ಜೊತೆ ನಿಲ್ಲಲೇಬೇಕು ಅಂದರೆ ಬೈ ಟೂ ಬಾದಾಮಿ ಹಾಲು ಹೇಳಿ, ಸಕ್ಕರೆ ಕಮ್ಮಿ ಹಾಕಿಸಿ.

ಫೋನಿನ ವಿಷಯಕ್ಕೆ ಬಂದರೆ, ಬೆಳಕಿನ ತೊಂದರೆ ಒಂದು, ಅದರಲ್ಲಿ ಬರುವ ಸಂಗತಿಯ ತೊಂದರೆ ಇನ್ನೊಂದು. ಎರಡನೆಯದೇ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಹನ್ನೊಂದು ಗಂಟೆಗೆ ಮ್ಯಾನೇಜರ್ ಕಳಿಸಿದ ಮೆಸೇಜು, ಫ್ಯಾಮಿಲಿ ಗ್ರೂಪಿನ ಜಗಳ, ಯಾವುದೋ ಅಪಘಾತದ ವಿಡಿಯೋ. ಇದನ್ನೆಲ್ಲ ನೋಡಿದ ಮನಸ್ಸು ಹೇಗೆ ಮಲಗುತ್ತದೆ? ನಮ್ಮ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್, ಗೇಮ್‌ಗಳ ಅತಿ ಬಳಕೆಗೆ ಅಂತಲೇ ‘ಶಟ್’ ಎಂಬ ಕ್ಲಿನಿಕ್ 2014ರಲ್ಲೇ ಶುರುವಾಗಿದೆ. ಬಹಳ ಜನಕ್ಕೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ. ಚಾರ್ಜರ್ ಅನ್ನು ಮಲಗುವ ಕೋಣೆಯಿಂದ ಹಾಲ್‌ಗೆ ಸಾಗಿಸಿ. ಅಲಾರಾಂ ಬೇಕಲ್ಲ ಅನ್ನುತ್ತೀರಿ. ಒಂದು ಟೈಂಪೀಸು ತಂದಿಡಿ.

ಹಾಗೇ ಒಂದು ಮಾತು, ಮರೆಯುವ ಮುಂಚೆ. ಜೋರಾಗಿ ಗೊರಕೆ ಹೊಡೆಯುವವರು, ನಡುನಡುವೆ ಉಸಿರು ನಿಂತಂತಾಗಿ ಮತ್ತೆ ಬಿಕ್ಕಳಿಸಿದ ಹಾಗೆ ಉಸಿರೆಳೆಯುವವರು ಮನೆಯಲ್ಲಿ ಇದ್ದರೆ, ‘ಸುಖವಾದ ನಿದ್ದೆ’ ಅಂದುಕೊಳ್ಳಬೇಡಿ. ಅದು ಸ್ಲೀಪ್ ಆಪ್ನಿಯಾ ಇರಬಹುದು. ಬಿಪಿ ಏರುವುದಕ್ಕೆ, ಹಗಲು ಗಾಡಿ ಓಡಿಸುವಾಗ ಕಣ್ಣು ಎಳೆಯುವುದಕ್ಕೆ ಅದೂ ಒಂದು ಕಾರಣ. ಪಕ್ಕದಲ್ಲಿ ಮಲಗುವವರು ಫೋನಿನಲ್ಲಿ ರೆಕಾರ್ಡ್ ಮಾಡಿ ವೈದ್ಯರಿಗೆ ಕೇಳಿಸಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಬೆಳಗ್ಗೆ ಎದ್ದವರು ಬೆಳಕಿಗೆ ಬನ್ನಿ. ಮೋಡ ಕವಿದ ಬೆಂಗಳೂರಿನ ಬೆಳಗೂ ಆಫೀಸಿನ ಟ್ಯೂಬ್‌ಲೈಟ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆಯೂ ಬೇಗ ಬರುತ್ತದೆ. ಬೇಸ್‌ಮೆಂಟ್‌ನಲ್ಲಿ ಕಾರು ಹತ್ತಿ ಇನ್ನೊಂದು ಬೇಸ್‌ಮೆಂಟ್‌ನಲ್ಲಿ ಇಳಿಯುವವರಿಗೆ ಇದು ಸಿಗುವುದೇ ಇಲ್ಲ. ತುಳಸಿಕಟ್ಟೆಯ ಮುಂದೆ, ಬಾಲ್ಕನಿಯಲ್ಲಿ, ಹಾಲು ತರುವ ದಾರಿಯಲ್ಲಿ ಹತ್ತಿಪ್ಪತ್ತು ನಿಮಿಷ ಸಾಕು.

ನಡಿಗೆಯ ಬಗ್ಗೆ ಒಂದು ಹಳೆಯ ಅಧ್ಯಯನ ನನಗೆ ಬಹಳ ಇಷ್ಟ. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ್ದು. ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ಹೊಗೆ. ಒಬ್ಬರು ಇಡೀ ದಿನ ಕೂತಿರುತ್ತಾರೆ. ಇನ್ನೊಬ್ಬರು ಮೇಲೆ ಕೆಳಗೆ ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತಾರೆ. ಹೃದಯಾಘಾತ ಡ್ರೈವರ್‌ಗಳಲ್ಲಿ ಜಾಸ್ತಿ ಇತ್ತು. ನಮ್ಮೂರಿನಲ್ಲೂ ಡಬಲ್ ಡೆಕ್ಕರ್ ಓಡುತ್ತಿದ್ದುದು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಆ ಕಂಡಕ್ಟರ್‌ಗಳು ಯಾರೂ ಮೆಟ್ಟಿಲು ಹತ್ತುವುದನ್ನು ವ್ಯಾಯಾಮ ಅಂದುಕೊಂಡಿರಲಿಲ್ಲ. ಅದು ಅವರ ಕೆಲಸವಾಗಿತ್ತು. ಮೆಟ್ರೋ ಸ್ಟೇಷನ್‌ನಲ್ಲಿ ಮಂಡಿ ಚೆನ್ನಾಗಿರುವವರು ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹಿಡಿದರೆ ನಿಮಗೂ ಅದು ದಿನದ ಭಾಗವೇ ಆಗುತ್ತದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನುವ ಲೆಕ್ಕ 1960ರ ದಶಕದಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷದಿಂದ 300 ನಿಮಿಷ ಚುರುಕಾದ ಚಟುವಟಿಕೆ. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ.

ಈ ಎರಡನೆಯದನ್ನು ನಾವು ಕಡೆಗಣಿಸಿದ್ದೇವೆ. ನಮ್ಮ ಅಜ್ಜಿಯಂದಿರು ನೆಲದ ಮೇಲೆ ಕೂತು ಉಣ್ಣುತ್ತಿದ್ದರು, ಕುಕ್ಕರುಗಾಲಿನಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದರು, ರಂಗೋಲಿಗೆ ಬಗ್ಗುತ್ತಿದ್ದರು. ಒಂದೇ ತಲೆಮಾರಿನಲ್ಲಿ ಡೈನಿಂಗ್ ಟೇಬಲ್ ಬಂತು, ಸೋಫಾ ಬಂತು, ಕಮೋಡ್ ಬಂತು. ಅನುಕೂಲ ಆಯಿತು, ಸರಿ. ಆದರೆ ತೊಡೆಗೆ ಇದ್ದ ಕೆಲಸ ಹೋಯಿತು. ಅರವತ್ತೈದರಲ್ಲಿ ಬಚ್ಚಲುಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದವರನ್ನು ನೋಡುವಾಗ ನನಗೆ ಸಂಕಟ ಆಗುತ್ತದೆ. ತೊಡೆಯಲ್ಲಿ ಬಲ ಇದ್ದಿದ್ದರೆ ಎಷ್ಟೋ ಜನ ಸಾವರಿಸಿಕೊಳ್ಳುತ್ತಿದ್ದರು. ಈಗ ಕೂತಲ್ಲೇ ನೋಡಿಕೊಳ್ಳಿ. ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತದಾ? ಆಗುವವರು ದಿನಾ ಟಿವಿ ನೋಡುವಾಗ ಹತ್ತು ಸಲ ಎದ್ದು ಕೂರಿ. ಆಗದವರು ಮೊದಲು ಕೈ ಊರಿಯೇ ಮಾಡಿ, ನಿಧಾನಕ್ಕೆ ಬಿಡಿ.

ತಟ್ಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. ಅನ್ನ ಕಮ್ಮಿ, ಸೊಪ್ಪು ಕಾಳು ಜಾಸ್ತಿ, ಪಲ್ಯ ಮೊದಲು ತಿಂದು ಅನ್ನ ಆಮೇಲೆ. ರಾಗಿ ಮುದ್ದೆ ಒಳ್ಳೆಯದು, ಆದರೆ ಶುಗರ್ ಇರುವವರು ಎಷ್ಟು ಬೇಕಾದರೂ ತಿನ್ನಬಹುದು ಅನ್ನುವುದು ತಪ್ಪು. ರಾಗಿಯಲ್ಲೂ ಪಿಷ್ಟ ಇದೆ. ಚಿಕ್ಕ ಮುದ್ದೆ, ಬಟ್ಟಲು ತುಂಬ ಬಸ್ಸಾರು. ಉಪ್ಪು ದಿನಕ್ಕೆ 5 ಗ್ರಾಮಿನ ಒಳಗೆ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲ ಸೇರಿಸಿ.

ಇನ್ನು ಮನಸ್ಸಿನ ವಿಷಯ. ಇಷ್ಟು ಹೊತ್ತು ಹೇಳಿದ್ದೆಲ್ಲ ಮನಸ್ಸಿಗೂ ಒಳ್ಳೆಯದೇ. ನಿದ್ದೆಗೆಟ್ಟವರಿಗೆ ಸಿಟ್ಟು ಬೇಗ, ಅಳು ಬೇಗ. ಆದರೆ ಮನಸ್ಸಿಗೆ ಇನ್ನೊಂದು ಬೇಕು, ಅದು ಮಾತು. ಈ ಊರಿನಲ್ಲಿ ನನ್ನನ್ನು ತುಂಬಾ ಕಾಡುವವರು ಮಕ್ಕಳ ಜೊತೆ ಇರಲು ಊರು ಬಿಟ್ಟು ಬಂದ ಅಪ್ಪ ಅಮ್ಮಂದಿರು. ಹಾಸನದಲ್ಲೋ ಮಂಡ್ಯದಲ್ಲೋ ಬಾಗಿಲು ತೆಗೆದರೆ ನಾಲ್ಕು ಜನ ಮಾತಾಡಿಸುತ್ತಿದ್ದರು. ಜಗುಲಿ ಇತ್ತು, ಅರಳಿಕಟ್ಟೆ ಇತ್ತು. ಇಲ್ಲಿ ಹನ್ನೊಂದನೇ ಮಹಡಿ. ಮಗ ಸೊಸೆ ಬೆಳಗ್ಗೆ ಎಂಟಕ್ಕೆ ಹೊರಟರೆ ಬರುವುದು ರಾತ್ರಿ. ಎದುರು ಫ್ಲ್ಯಾಟಿನವರ ಭಾಷೆ ಬರುವುದಿಲ್ಲ. ಇವರು ನನ್ನಲ್ಲಿಗೆ ಬಂದು ‘ಮೈ ಕೈ ನೋವು, ಸುಸ್ತು’ ಅನ್ನುತ್ತಾರೆ. ರಕ್ತಪರೀಕ್ಷೆ ಎಲ್ಲ ಸರಿ ಇರುತ್ತದೆ. ಇನ್ನೊಂದು ಐದು ನಿಮಿಷ ಕೂರಿಸಿಕೊಂಡರೆ ಕಣ್ಣು ತುಂಬಿ ಬರುತ್ತದೆ. ಜಗತ್ತಿನಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಹೇಳಿತು. ಅದು ಹೃದಯಕ್ಕೂ ಕೆಟ್ಟದ್ದು, ಮರೆವಿನ ಕಾಯಿಲೆಗೂ ದಾರಿ.

ಅವರಿಗೆ ಟಿವಿ ಹಾಕಿಕೊಟ್ಟರೆ ಸಾಲದು, ಕೆಲಸ ಕೊಡಿ. ‘ಅಮ್ಮ, ನೀನು ಸುಮ್ನೆ ಕೂತ್ಕೋ’ ಅಂತ ಪ್ರೀತಿಯಿಂದಲೇ ಹೇಳುತ್ತೇವೆ. ಸುಮ್ನೆ ಕೂರುವುದೇ ಅವರಿಗೆ ಶಿಕ್ಷೆ. ದಿನದ ತರಕಾರಿ ಆನ್‌ಲೈನ್‌ನಲ್ಲಿ ತರಿಸುವ ಬದಲು ಅವರಿಂದ ತರಿಸಿ. ಗಾಡಿಯವನ ಜೊತೆ ಅವರೆಕಾಯಿಗೆ ಚೌಕಾಸಿ ಮಾಡುತ್ತಾರೆ, ಹೂವಿನವಳ ಮಗಳ ಮದುವೆ ವಿಚಾರಿಸುತ್ತಾರೆ. ಆ ಹತ್ತು ನಿಮಿಷದ ಮಾತು, ಆ ನಡಿಗೆ, ಆ ಬೆಳಕು ಮೂರೂ ಒಟ್ಟಿಗೆ ಸಿಕ್ಕವು.

ಇಲ್ಲಿ ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಖಿನ್ನತೆ ಇರುವವರಿಗೆ ‘ವಾಕಿಂಗ್ ಮಾಡು, ಧ್ಯಾನ ಮಾಡು, ಸರಿಹೋಗುತ್ತೆ’ ಅಂತ ಹೇಳಿ ಕೈತೊಳೆದುಕೊಳ್ಳಬೇಡಿ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರುತ್ತಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಬರುತ್ತಿಲ್ಲ, ಬದುಕಿ ಏನು ಪ್ರಯೋಜನ ಅನ್ನಿಸುತ್ತಿದೆ ಅಂದರೆ ಅದು ಕಾಯಿಲೆ. ಚಿಕಿತ್ಸೆ ಬೇಕು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರರಲ್ಲಿ ಸುಮಾರು ಹತ್ತು ಮಂದಿ ದೊಡ್ಡವರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆ ಪಡೆದಿರಲಿಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 2022ರ ಅಕ್ಟೋಬರ್‌ನಿಂದ. ನಂಬರ್ 14416. ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ನಾನು ಕಾಯುತ್ತೇನೆ.

ಇಷ್ಟೆಲ್ಲ ಕೇಳಿ ನಾಳೆಯಿಂದ ಎಲ್ಲವನ್ನೂ ಶುರು ಮಾಡಬೇಡಿ. ಒಂದನ್ನು ಹಿಡಿಯಿರಿ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಆಗುತ್ತೆ ಅನ್ನುತ್ತಾರಲ್ಲ, ಅದಕ್ಕೆ ಆಧಾರ ಇಲ್ಲ. ಲಂಡನ್ನಿನ ಒಂದು ಅಧ್ಯಯನದಲ್ಲಿ 96 ಜನರನ್ನು ಗಮನಿಸಿದಾಗ ಹೊಸ ಅಭ್ಯಾಸ ತಾನಾಗಿ ನಡೆಯಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನಕ್ಕೇ ಆಯಿತು, ಕೆಲವರ ಲೆಕ್ಕ 254 ದಿನದವರೆಗೆ ಹೋಯಿತು. ನನಗೆ ಸಮಾಧಾನ ಕೊಟ್ಟ ಸಂಗತಿ ಏನೆಂದರೆ, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಮದುವೆಮನೆಗೆ ಹೋದಿರಿ, ಹತ್ತಕ್ಕೆ ಊಟ ಮಾಡಿದಿರಿ. ಮಾರನೇ ದಿನ ಮತ್ತೆ ಏಳೂವರೆಗೆ ಕೂರಿ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಚೀಟಿ ಕಳಿಸಿದ್ದಾರೆ: ‘ನನಗೆ ನೈಟ್ ಶಿಫ್ಟ್. ಇದೆಲ್ಲ ನನಗೆ ಹೇಗೆ ಅನ್ವಯ?’ ಒಳ್ಳೆಯ ಪ್ರಶ್ನೆ. ಈ ಊರು ರಾತ್ರಿ ನಡೆಯುವುದೇ ನಿಮ್ಮಂಥವರಿಂದ. ನರ್ಸ್‌ಗಳು, ಸೆಕ್ಯೂರಿಟಿಯವರು, ಕ್ಯಾಬ್ ಓಡಿಸುವವರು, ಪೌರಕಾರ್ಮಿಕರು. ನಿಮ್ಮ ದೇಹಕ್ಕೆ ಇದು ಕಷ್ಟವೇ, ಸುಳ್ಳು ಹೇಳುವುದಿಲ್ಲ. ಆದರೂ ಕಷ್ಟ ತಗ್ಗಿಸಬಹುದು. ಮುಖ್ಯ ಊಟ ಡ್ಯೂಟಿಗೆ ಹೋಗುವ ಮುಂಚೆ ಮಾಡಿ. ನಡುರಾತ್ರಿ ಬಿರಿಯಾನಿ ಬೇಡ. ಹಸಿವಾದರೆ ಹಣ್ಣು, ಬೇಯಿಸಿದ ಕಾಳು, ಮೊಟ್ಟೆ. ಕಾಫಿ, ಟೀ ಶಿಫ್ಟಿನ ಮೊದಲರ್ಧಕ್ಕೆ ಮುಗಿಸಿ. ಬೆಳಗ್ಗೆ ಮನೆಗೆ ಬರುವಾಗ ಬೇರೆಯವರು ಓಡಿಸುವ ಗಾಡಿಯಲ್ಲಿ ತಂಪು ಕನ್ನಡಕ ಹಾಕಿಕೊಂಡು ಬನ್ನಿ. ನಿದ್ದೆಗಣ್ಣಿನಲ್ಲಿ ಬೈಕ್ ಹತ್ತಲೇಬೇಡಿ. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ. ಮನೆಯವರಿಗೆ ಇನ್ನೊಂದು ಮಾತು: ಹಗಲು ಮಲಗಿದವರನ್ನು ಗ್ಯಾಸ್ ಸಿಲಿಂಡರ್ ತೆಗೆದುಕೋ, ಕೊರಿಯರ್ ಬಂತು ಅಂತ ಎಬ್ಬಿಸಬೇಡಿ. ಅವರಿಗೆ ಅದು ನಡುರಾತ್ರಿ. ಶಿಫ್ಟ್ ವಾರವಾರ ಬದಲಾಗುತ್ತಿದ್ದರೆ, ತಿಂಗಳಿಗೊಮ್ಮೆ ಬದಲಿಸಲು ಸಾಧ್ಯವಾ ಅಂತ ಆಫೀಸಿನಲ್ಲಿ ಕೇಳಿ. ಮತ್ತೆ ನೀವು ಮೂವತ್ತು ದಾಟಿದ್ದರೆ ಬಿಪಿ, ಶುಗರ್ ವರ್ಷಕ್ಕೊಮ್ಮೆ ನೋಡಿಸಿ. ಪರೀಕ್ಷೆಗೆ ಹೋದಾಗ ರಾತ್ರಿ ಪಾಳಿ ಅಂತ ಮೊದಲೇ ಹೇಳಿ, ಮಾತ್ರೆಯ ಹೊತ್ತನ್ನು ಅದಕ್ಕೆ ತಕ್ಕಂತೆ ಬರೆದುಕೊಡುತ್ತಾರೆ.